ಅಳಿಸಿಹೋದ ಬದಿ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನಮ್ಮ ಮೇಸ್ತ್ರಿ. “ಬಾಂಡ್ಲಿ ಹೊರೋ ತಲಿಯಾಗ ಬಿ.ಎ. ಹಿಡಸಂಗಿಲ್ಲ ಬೇ” ಎಂದಿದ್ದ. ಎರಡನೆಯವನು ನಮ್ಮಪ್ಪ. ಅವನು ಬಾಯಿಬಿಟ್ಟು ಹೇಳಲಿಲ್ಲ, ನಕ್ಕು ಬೀಡಿ ಹಚ್ಚಿಕೊಂಡ, ಅಷ್ಟೆ. ಆಗುತ್ತದೆ ಎಂದವರು ಒಬ್ಬರೇ. ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸದಾ ಕಂದು ಬಣ್ಣಕ್ಕಿರುತ್ತಿತ್ತು, ಕಾಚು ಅರೆದವರ ಬೆರಳಿನ ಹಾಗೆ. ಅದು ಕ್ಯಾಸೆಟ್ಟಿನೊಳಗಿನ ರೀಲು ಬಿಟ್ಟ ಬಣ್ಣ. ಎಷ್ಟು ಸೋಪು ತಿಕ್ಕಿದರೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಅವರ ಅಕ್ಕ ಆ ಬೆರಳು ನೋಡಿ ದಿನಾ ಬೈದೇ ತಟ್ಟೆ ಇಡುತ್ತಿದ್ದರಂತೆ. ಬೇಗಂಪೇಟೆಯ ಆ ಓಣಿಯಲ್ಲಿ ಎಲ್ಲರೂ ಅವರನ್ನು ಕ್ಯಾಸೆಟ್ ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಅಂದೆ, ಕೊನೆಯವರೆಗೂ.

ಅಂಗಡಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಒಂದು ಹಳೆಯ ಕಟ್ಟಡದ ಮೆಟ್ಟಿಲುಗಳ ಕೆಳಗಿತ್ತು. ಎದ್ದು ನಿಂತರೆ ತಲೆ ಬಡಿಯುತ್ತಿತ್ತು. ಅದಕ್ಕೇ ಅವರು ಯಾವಾಗಲೂ ಕೂತೇ ಇರುತ್ತಿದ್ದರು. ಟೇಪ್ ರಿಕಾರ್ಡರು, ರೇಡಿಯೊ, ಮಿಕ್ಸರು ರಿಪೇರಿ. ಅವರ ಅಜ್ಜ ಕಲಬುರಗಿ ಕಡೆಯಿಂದ ಸರಕಾರಿ ನೌಕರಿಗೆಂದು ಬಂದು ಹೈದರಾಬಾದಿನಲ್ಲೇ ನಿಂತವರು. ಕಾಕಾ ಗಿರಾಕಿಗಳ ಜತೆ ತೆಲುಗು ಆಡುತ್ತಿದ್ದರು, ಕಟ್ಟಡದ ಮಾಲೀಕನ ಜತೆ ಹಿಂದಿ. ಸ್ಕ್ರೂ ಕೆಳಗೆ ಬಿದ್ದು ಕಳೆದಾಗ ಮಾತ್ರ ಕನ್ನಡ ಬಾಯಿಗೆ ಬರುತ್ತಿತ್ತು.

ನಾವು ಸುರಪುರದ ಕಡೆಯವರು, ಗೌಂಡಿ ಕೆಲಸಕ್ಕೆ ಬಂದವರು. ಏಳನೆಯ ಇಯತ್ತೆಯವರೆಗೆ ನಾನು ಊರಲ್ಲಿ ಕನ್ನಡ ಸಾಲಿ ಕಲಿತೆ, ಆಮೇಲೆ ಇಲ್ಲಿ ತೆಲುಗು. ರೈಲು ಹಳಿಯ ಪಕ್ಕ ನಮಗೊಂದು ಕೋಣೆಯಿತ್ತು. ಅವ್ವ ಒಂದು ದಿನ ಕೆಟ್ಟ ರೇಡಿಯೊ ಎತ್ತಿಕೊಂಡು ಆ ಅಂಗಡಿಗೆ ಹೋದಳು. ಬರುವಷ್ಟು ತೆಲುಗಿನಲ್ಲಿ ಹೇಳಲು ಹೋಗಿ, ಸೋತು, “ಬರೇ ಖರಖರ ಅಂತೈತ್ರಿ, ಮಾತ ಕೇಳಸವಲ್ದು” ಎಂದುಬಿಟ್ಟಳು. ಕಾಕಾ ಥಟ್ಟನೆ ತಲೆ ಎತ್ತಿದರು. ಮೆಟ್ಟಿಲು ಬಡಿಯಿತು.

“ಯಾವೂರ ಯವ್ವಾ?” ಎಂದರು ತಲೆ ತಿಕ್ಕಿಕೊಳ್ಳುತ್ತ.

ಅವ್ವ ಊರು ಹೇಳಿದಳು. ಹಿಂದೆ ನಿಂತಿದ್ದ ನನ್ನ ಕಂಕುಳಲ್ಲಿನ ಪುಸ್ತಕ ನೋಡಿ, “ಈಕಿ ಏನ ಓದತಾಳ?” ಎಂದರು.

“ಇಂಟರ್ ಮುಗದೈತ್ರಿ. ಮುಂದನೂ ಓದತೀನಂತಾಳ. ನಮ್ಮ ಕೈಲೆ ಎಲ್ಲಿ ಆಗತೈತ್ರಿ.”

“ಆಗತೈತಿ” ಎಂದರು ಕಾಕಾ, ರೇಡಿಯೊದ ಬೆನ್ನು ಬಿಚ್ಚುತ್ತ. ರೇಡಿಯೊ ಸರಿ ಆಗುತ್ತದೆ ಎಂದರೋ ಓದು ಆಗುತ್ತದೆ ಎಂದರೋ, ಅವ್ವನಿಗೆ ಇವತ್ತಿಗೂ ಅನುಮಾನವಿದೆ. ಎರಡೂ ಆದವು.

ಕಾಕಾ ಯಾವುದನ್ನೂ ಬರೀ ಕಿವಿಯಿಂದ ಕೇಳುತ್ತಿರಲಿಲ್ಲ. ಸ್ಪೀಕರಿನ ಮೇಲೆ ಅಂಗೈ ಇಡುತ್ತಿದ್ದರು, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವವರ ಹಾಗೆ. ಪ್ರಾಯದಲ್ಲಿ ಡ್ರಮ್ಮು ಬಾರಿಸಿ ಬಾರಿಸಿ ಅವರ ಕಿವಿ ಅರ್ಧ ಹೋಗಿತ್ತು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವರು ಹಾಕುತ್ತಿದ್ದ ಸಂಗೀತ ನನಗೆ ತಗಡಿನ ಶೆಡ್ಡಿನ ಮೇಲೆ ಯಾರೋ ಜಲ್ಲಿ ಸುರಿದ ಹಾಗೆ ಕೇಳುತ್ತಿತ್ತು. ಅದು ರಾಕ್ ಅಂತೆ. ಸಿನಿಮಾದ್ದಲ್ಲ, ರೇಡಿಯೊದಲ್ಲಿ ಬರುವುದಿಲ್ಲ, ಅಂಗಡಿಯಲ್ಲಿ ಸಿಗುವುದಿಲ್ಲ. ಅವರ ಕಾಲದ ಕಾಲೇಜು ಹುಡುಗರು ಖಾಲಿ ಗೋಡೌನುಗಳಲ್ಲಿ ಬಾರಿಸಿ, ತಾವೇ ಕ್ಯಾಸೆಟ್ಟಿಗೆ ಇಳಿಸಿ, ಕೈಯಿಂದ ಕೈಗೆ ಹಂಚುತ್ತಿದ್ದರು. ಅದಕ್ಕೆ ಅಂಡರ್‌ಗ್ರೌಂಡ್ ಎಂಬ ಹೆಸರು. ಕಾಕಾನೂ ಇನ್ನು ಮೂವರೂ ಸೇರಿ ಸಿಕಂದರಾಬಾದಿನ ಒಂದು ಕೋಳಿ ಆಹಾರದ ಗೋಡೌನಿನಲ್ಲಿ ಎಂಟು ಹಾಡಿನ ಒಂದು ಆಲ್ಬಮ್ ಮಾಡಿದ್ದರು, ಈ ಬದಿಗೆ ನಾಲ್ಕು ಹಾಡು, ಆ ಬದಿಗೆ ನಾಲ್ಕು. ಅದರ ಗುಂಗಿನಲ್ಲಿ ಅವರ ಬಿ.ಕಾಂ. ಕೊನೆಯ ವರ್ಷಕ್ಕೆ ನಿಂತುಹೋಗಿತ್ತು. ನಲವತ್ತು ಪ್ರತಿ ಮಾಡಿ ಹಂಚಿದರು. ಯಾರೂ ಹುಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ.

“ಇದನ್ನ ಯಾರ ಕೇಳತಾರ್ರಿ ಕಾಕಾ?” ಎಂದೆ ಒಮ್ಮೆ.

“ಯಾರೂ ಕೇಳಂಗಿಲ್ಲ.”

“ಮತ್ಯಾಕ ಬಾರಿಸಿದ್ರಿ?”

“ಯಾರೂ ಕೇಳಂಗಿಲ್ಲ ಅಂತ ಗೊತ್ತಿತ್ತಲ್ಲ, ಹೆದರಿಕಿ ಇರಲಿಲ್ಲ.”

ಅವರ ಇನ್ನೊಂದು ಹಟ, ತಮ್ಮ ಕ್ಯಾಸೆಟ್ಟುಗಳ ಮೇಲೆ ಹೆಸರು ಬರೆಯುತ್ತಿರಲಿಲ್ಲ. “ಹೆಸರ ಬರದ್ರ ಮಂದಿ ಹೆಸರ ಓದತಾರ, ಹಾಡ ಕೇಳಂಗಿಲ್ಲ” ಎನ್ನುತ್ತಿದ್ದರು. ಯಾವುದು ಯಾವುದೆಂದು ಅವರಿಗೆ ಮಾತ್ರ ಗೊತ್ತಿತ್ತು. ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಉಗುರಿನಿಂದ ಗೀರಿದ ಗುರುತು ಹಿಡಿದು ಹೇಳುತ್ತಿದ್ದರು. ಈ ಹಟದ ಮಾತನ್ನು ಆಗ ನಾನು ನಕ್ಕು ಬಿಟ್ಟಿದ್ದೆ.

ದೂರಶಿಕ್ಷಣದಲ್ಲಿ ಬಿ.ಎ.ಗೆ ಹೆಸರು ಹಚ್ಚಿದೆ. ವಾರಕ್ಕೆ ಆರು ದಿನ ಅವ್ವನ ಜತೆ ಕೊಂಡಾಪುರಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಆಗ ಅಲ್ಲಿ ಬಂಡೆ ಒಡೆದು ಆಫೀಸು ಎಬ್ಬಿಸುತ್ತಿದ್ದರು. ಮನೆಗೆ ಬಂದು ಪುಸ್ತಕ ತೆರೆದರೆ ಅಕ್ಷರದ ಮೇಲೇ ತಲೆ ಬೀಳುತ್ತಿತ್ತು. ಆಗೋದಿಲ್ಲ, ಬಿಟ್ಟುಬಿಡುತ್ತೇನೆ ಎಂದು ಹೇಳಲಿಕ್ಕೆ ಕಾಕಾನ ಹತ್ತಿರ ಹೋದೆ. ಅವರು ಕೇಳಿದರು, “ಬಾಂಡ್ಲಿ ಹೊರುವಾಗ ತಲಿ ಖಾಲಿ ಇರಂಗಿಲ್ಲ, ಒಪ್ಪಿದೆ. ಕಿವಿ?”

ಹೀಗೆ ನಮ್ಮ ಪದ್ಧತಿ ಶುರುವಾಯಿತು. ರವಿವಾರ ಅವರ ಅಂಗಡಿಯಲ್ಲಿ ಕೂತು ಆ ವಾರದ ಪಾಠವನ್ನು ಗಟ್ಟಿಯಾಗಿ ಓದಿ ಕ್ಯಾಸೆಟ್ಟಿಗೆ ಇಳಿಸುತ್ತಿದ್ದೆ. ಯಾರೋ ರಿಪೇರಿಗೆ ಕೊಟ್ಟು ಒಯ್ಯಲು ಬಾರದ ಒಂದು ವಾಕ್‌ಮನ್ ಇತ್ತು. ಸೋಮವಾರದಿಂದ ಅದು ನನ್ನ ನಡುವಿನಲ್ಲಿ, ತಂತಿ ಸೆರಗಿನ ಒಳಗೆ, ಇಯರ್‌ಫೋನಿನ ಗುಬ್ಬಿಗಳು ಕಿವಿಯಲ್ಲಿ, ಅದರ ಮೇಲೆ ತಲೆಗೆ ಸುತ್ತಿದ ಬಟ್ಟೆ, ಅದರ ಮೇಲೆ ಸಿಂಬಿ, ಸಿಂಬಿಯ ಮೇಲೆ ಸಿಮೆಂಟಿನ ಬಾಂಡ್ಲಿ. ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಒಂದು ಪ್ರಶ್ನೆಯ ಉತ್ತರ ಮುಗಿಯುತ್ತಿತ್ತು. ಒಮ್ಮೆ ಮೇಸ್ತ್ರಿ ತಡೆದು, “ಕಿವಿಗೇನಾಗೇತಿ ಬೇ, ಯಾವಾಗ ನೋಡಿದ್ರೂ ಅರಬಿ ಸುತ್ತಿರತೀ?” ಎಂದ. “ಸೋರತೈತ್ರಿ” ಎಂದೆ. ಪಾಪ, ಆಮೇಲೆ ಸಿಕ್ಕಾಗಲೆಲ್ಲ “ಬಳ್ಳೊಳ್ಳಿ ಎಣ್ಣಿ ಬಿಟ್ಟೇನ?” ಎಂದು ವಿಚಾರಿಸುತ್ತಿದ್ದ. ನನ್ನ ಅರ್ಥಶಾಸ್ತ್ರ ಪೂರ್ತಿ ಸೋರುವ ಕಿವಿಯಿಂದ ಒಳಗೆ ಹೋದದ್ದು.

ಹೊಸ ಕ್ಯಾಸೆಟ್ಟು ಬೇಕಾಗಿರಲಿಲ್ಲ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಸಣ್ಣ ಕಿಟಕಿಗಳಿರುತ್ತವೆ. ಅಲ್ಲಿನ ಪ್ಲಾಸ್ಟಿಕ್ ಚೂರು ಮುರಿದರೆ ಅದರ ಮೇಲೆ ಮತ್ತೇನೂ ರೆಕಾರ್ಡು ಆಗುವುದಿಲ್ಲ, ಬೀಗ ಹಾಕಿದ ಹಾಗೆ. ಆದರೆ ಆ ಕಿಟಕಿಗೆ ಒಂದು ಚೂರು ಅಂಟುಪಟ್ಟಿ ಹಚ್ಚಿದರೆ ಬೀಗ ತೆರೆಯುತ್ತದೆ. ಇದನ್ನು ಕಾಕಾನೇ ಕಲಿಸಿದ್ದರು. ಜನ ಬೇಡವೆಂದು ಬಿಟ್ಟುಹೋದ, ಚೀಟಿ ಉದುರಿದ ಭಜನೆಯ ಕ್ಯಾಸೆಟ್ಟುಗಳು ಒಂದು ರಟ್ಟಿನ ಡಬ್ಬಿಯಲ್ಲಿರುತ್ತಿದ್ದವು. ಅವುಗಳ ಮೇಲೆ ನನ್ನ ಪಾಠ.

ಕೊನೆಯ ವರ್ಷದ ಪರೀಕ್ಷೆಗೆ ನಾಲ್ಕು ದಿನ ಇತ್ತು. ಕಾಕಾ ಕಿವಿ ಡಾಕ್ಟರ ಹತ್ತಿರ ಹೋಗುವವರು, “ನೀ ಕುಂತು ಓದಕೋ, ಖಾಲಿ ಕ್ಯಾಸೆಟ್ ಕೆಳಗ ಅದಾವ” ಎಂದು ಹೇಳಿ ಹೋದರು. ಕೆಳಗಿನ ರಟ್ಟಿನ ಡಬ್ಬಿ ಮುಗಿದಿತ್ತು. ಅದರ ಹಿಂದೆ ಒಂದು ಬಿಸ್ಕೀಟಿನ ಡಬ್ಬಿ ಕಂಡಿತು. ತೆರೆದೆ. ಚೀಟಿ ಇಲ್ಲದ ಕ್ಯಾಸೆಟ್ಟು. ಹಾಕಿ ನೋಡಿದೆ, ಜಲ್ಲಿ ಸುರಿದ ಸದ್ದು. ಪರೀಕ್ಷೆಯ ಗಡಿಬಿಡಿಯಲ್ಲಿ ಅದು ಕಾಕಾನ ಸಂಗೀತವೆಂದು ಹೊಳೆಯಲಿಲ್ಲ, ಈ ಬದಿ ಕೆಟ್ಟಿದೆ ಎಂದುಕೊಂಡು ತಿರುಗಿಸಿ ಹಾಕಿದೆ. ಆ ಬದಿಯಲ್ಲಿ ಜಲ್ಲಿಯ ಸದ್ದಿರಲಿಲ್ಲ. ಯಾರೋ ಒಬ್ಬ ಹುಡುಗ, ಬಾಯಿ ಹತ್ತಿರ ತಂದು, “ಸುರು ಮಾಡ್ಲ್ಯಾ?” ಎಂದ. ಆಮೇಲೆ ಒಂಟಿ ಗಿಟಾರು. ಅವನು ಇಂಗ್ಲಿಷಿನಲ್ಲಿ ಮೆಲ್ಲಗೆ ಹಾಡತೊಡಗಿದ.

ಆ ಕನ್ನಡ ಕೇಳಿ ನನ್ನ ಬೆರಳು ಒಂದು ಗಳಿಗೆ ನಿಂತಿತು, ನಿಜ. ನಿಂತದ್ದು ಒಂದೇ ಗಳಿಗೆ. ಯಾರೋ ಮನೆಯಲ್ಲಿ ಆಟಕ್ಕೆ ಮಾಡಿಕೊಂಡದ್ದು, ಬಿಟ್ಟುಹೋಗಿದ್ದಾರೆ ಎಂದುಕೊಂಡೆ. ರೀಲನ್ನು ಮತ್ತೆ ಶುರುವಿಗೆ ಸುತ್ತಿದೆ. ಕಿಟಕಿಗೆ ಅಂಟುಪಟ್ಟಿ ಹಚ್ಚಿದೆ. ಬೇಡಿಕೆಯ ನಿಯಮವನ್ನು ತೆಲುಗಿನಲ್ಲಿ ಓದಿದೆ, ಬದಿ ಮುಗಿಯುವವರೆಗೆ.

ಪರೀಕ್ಷೆ ಮುಗಿದ ಮೇಲೆ ಎಲ್ಲ ಕ್ಯಾಸೆಟ್ಟುಗಳನ್ನೂ ಚೀಲದಲ್ಲಿ ಹಾಕಿ ವಾಪಸು ಕೊಟ್ಟೆ. ಕಾಕಾ ಒಂದೊಂದನ್ನೇ ತೆಗೆದು ಇಡುತ್ತಿದ್ದವರು ಒಂದನ್ನು ಕೈಯಲ್ಲೇ ಹಿಡಿದರು. ಮೂಲೆಯ ಮೇಲೆ ಉಗುರು ಆಡಿಸಿದರು. ಯಂತ್ರಕ್ಕೆ ಹಾಕಿದರು. ನನ್ನ ದನಿ ಬಂತು. ಅಂಗೈ ಸ್ಪೀಕರಿನ ಮೇಲಿಟ್ಟು ಆ ಬದಿಯನ್ನು ಪೂರ್ತಿ ಕೇಳಿದರು. ನಡುವೆ ಇಬ್ಬರು ಗಿರಾಕಿಗಳು ಬಂದು ನಿಂತು ನಿಂತು ಹೋದರು. ನನಗೆ ಒಳಗೊಳಗೇ ಹೆಮ್ಮೆ, ನನ್ನ ಓದನ್ನು ಇಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾರಲ್ಲ ಎಂದು. ಮುಗಿದ ಮೇಲೆ ಅವರು, “ಚಲೋ ಓದೀಯವ್ವಾ. ಪಾಸಾಗತೀ” ಎಂದರು. ಅವತ್ತು ಅಂಗಡಿ ಬೇಗ ಮುಚ್ಚಿದರು. ಕಿವಿ ನೋಯುತ್ತಿರಬೇಕು ಎಂದುಕೊಂಡೆ.

ಪಾಸಾದೆ. ಕೂಕಟ್‌ಪಲ್ಲಿಯ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾದೆ. ಮೊದಲ ದಿನ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚದೆ ಪಗಾರ ತೊಗೊಂಡ ಮೊದಲ ಕೈ ಅದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕಾಕಾ ಓಣಿಗೆಲ್ಲ ಪೇಢೆ ಹಂಚಿದರು. ನಾನು ಮದುವೆಯಾದೆ, ಮೆಟ್ರೊ ಬಂತು, ಟೇಪ್ ರಿಕಾರ್ಡರಿನ ಕಾಲ ಮುಗಿದು ಕಾಕಾ ಮೊಬೈಲಿನ ಕವರು ಮಾರತೊಡಗಿದರು. ಆದರೂ ಶನಿವಾರಕ್ಕೊಮ್ಮೆ ಹೋಗಿ ಕೂತು ಬರುತ್ತಿದ್ದೆ.

ಅಂಥ ಒಂದು ಶನಿವಾರ ಕೊಂಡಾಪುರದ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬ ತರುಣ ಬಂದ. ಈ ಊರಿನ ಹಳೆಯ ಅಂಡರ್‌ಗ್ರೌಂಡ್ ಬ್ಯಾಂಡುಗಳ ಕ್ಯಾಸೆಟ್ಟು ಹುಡುಕಿ ಹುಡುಕಿ ಇಂಟರ್ನೆಟ್ಟಿಗೆ ಹಾಕುವುದು ಅವನ ಹುಚ್ಚು. ಹಳೆಯ ಸಾಮಾನಿನ ಸಂತೆಯಲ್ಲಿ ಕಾಕಾನ ಆಲ್ಬಮ್ಮಿನ ಒಂದು ಪ್ರತಿ ಸಿಕ್ಕಿತ್ತಂತೆ. ಒಂದು ಬದಿ ಕೇಳಿ ನಿದ್ದೆಗೆಟ್ಟಿದ್ದಾನೆ. ಇಂಥದ್ದು ಇದೇ ಊರಲ್ಲಿ ಆಗಿತ್ತಾ, ಯಾರಿಗೂ ಗೊತ್ತೇ ಇರಲಿಲ್ಲವಾ ಎಂದು ಎರಡು ಸಲ ಕೇಳಿದ. ಆದರೆ ಆ ಪ್ರತಿಯ ಇನ್ನೊಂದು ಬದಿಯಲ್ಲಿ ಯಾರೋ ಮದುವೆಯ ಬ್ಯಾಂಡು ತುಂಬಿಸಿದ್ದರು.

“ಅಂಕಲ್, ದೂಸ್ರಾ ಸೈಡ್ ಆಪ್ಕೆ ಪಾಸ್ ತೋ ಹೋಗಾ?”

“ನಹೀ. ವೋ ಸೈಡ್ ಖರಾಬ್ ಹೋಗಯಾ” ಎಂದರು ಕಾಕಾ.

ತರುಣ ಬಿಡಲಿಲ್ಲ. ಕೆಟ್ಟಿದ್ದರೂ ಸರಿಮಾಡುವ ಜನ ಇದ್ದಾರೆ, ಒಮ್ಮೆ ತೋರಿಸಿ ಎಂದು ಹಟ ಹಿಡಿದ. ಕೊನೆಗೆ ಕಾಕಾ ಮೂಲ ಕ್ಯಾಸೆಟ್ಟು ಕೊಟ್ಟರು. ಮೊದಲ ಬದಿ ಕೇಳಿ ಅವನು ಕುಣಿದ, ತನ್ನ ಪ್ರತಿಗಿಂತ ಎಷ್ಟು ಸ್ವಚ್ಛ ಎಂದು. ಕಾಕಾ ಕೈ ಚಾಚುವಷ್ಟರಲ್ಲಿ ತಿರುಗಿಸಿ ಹಾಕಿಬಿಟ್ಟ. ಮೆಟ್ಟಿಲ ಕೆಳಗಿನ ಆ ಗೂಡಿನಲ್ಲಿ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತೆಲುಗಿನಲ್ಲಿ ಶುರು ಮಾಡಿದಳು, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು.

ತರುಣ ನಕ್ಕ. “ಯೇ ಕೌನ್ ಹೈ ಅಂಕಲ್?”

ಕಾಕಾ ಯಂತ್ರ ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ. ಅವನು ಮೊದಲ ಬದಿಯನ್ನು ತನ್ನ ಯಂತ್ರಕ್ಕೆ ಇಳಿಸಿಕೊಂಡು ಹೋದ ಮೇಲೂ ನೋಡಲಿಲ್ಲ.

“ಕಾಕಾ, ಆ ಬದಿಯಾಗ ಹಾಡಿದಂವ ಯಾರ್ರೀ?”

“ನನ್ನ ತಮ್ಮ.”

ತಮ್ಮನೊಬ್ಬನಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ. ಆಲ್ಬಮ್ ಮಾಡಿದ ಎರಡು ವರ್ಷಕ್ಕೆ ಕಾಮಾಲೆಯಿಂದ ಹೋದನಂತೆ. ಮೊದಲ ಬದಿಯಲ್ಲಿ ಅವನು ಚೀರುತ್ತಾನೆ, ಡ್ರಮ್ಮಿನ ಸದ್ದಿನಲ್ಲಿ ಯಾರ ದನಿ ಯಾವುದೆಂದೂ ತಿಳಿಯದು. ಅವನು ಅವನಾಗಿ ಹಾಡಿದ್ದು ಎರಡನೆಯ ಬದಿಯಲ್ಲಿ.

“ಯಾಕ ಹೇಳಲಿಲ್ರಿ ನನಗ?”

“ನಿನ್ನ ರಿಸಲ್ಟ್ ಬರೂದಿತ್ತು.”

“ಆಮ್ಯಾಲ?”

“ಆಮ್ಯಾಲ ನೀ ಪಾಸಾದೀ.”

ನಾನು ಅಳುತ್ತ, ಅಳಿಸುವ ಮೊದಲು ನಾನು ಕೇಳಿದ್ದನ್ನು ಹೇಳಿದೆ. ಸುರು ಮಾಡ್ಲ್ಯಾ ಅಂದದ್ದು, ಗಿಟಾರು, ಒಂದೆರಡು ಸಾಲು. ಆ ಬದಿಯನ್ನು ಈ ಭೂಮಿಯ ಮೇಲೆ ಕೊನೆಗೆ ಕೇಳಿದವಳು ನಾನು. ಕಾಕಾ ಬಗ್ಗಿ ನನ್ನ ಬಾಯಿಗೆ ಕಿವಿ ತಂದರು. “ಹ್ಯಾಂಗ ಅಂದ? ಅಂವ ಅಂದಂಗ ಅನ್ನು.”

ಅಂದೆ. ಅವರು ಹಾಗಲ್ಲ ಎಂದು ತಲೆ ಆಡಿಸಿದರು. ಮತ್ತೊಮ್ಮೆ ಅಂದೆ, ದನಿ ಇಳಿಸಿ. ಮೂರನೆಯ ಸಲ ನನಗೇ ಅದು ನನ್ನ ದನಿಯೆಂದೇ ಕೇಳಿಸಿತು. “ಇರಲಿ ಬಿಡು” ಎಂದರು.

ಇಂಥ ಕೆಲಸ ಬಲ್ಲವರು ಯಾರು ಯಾರಿದ್ದಾರೋ ಅವರ ಹತ್ತಿರವೆಲ್ಲ ಆ ಕ್ಯಾಸೆಟ್ಟು ಒಯ್ದೆ. ಎಲ್ಲರೂ ಒಂದೇ ಮಾತು ಹೇಳಿದರು. ಹೊಸದು ಬರೆಯುವ ಮೊದಲು ಯಂತ್ರ ಹಳೆಯದನ್ನು ಒರೆಸಿಬಿಡುತ್ತದೆ, ಅಡಿಯಲ್ಲಿ ಏನೂ ಉಳಿದಿರುವುದಿಲ್ಲ. ಆಮೇಲೆ ಪ್ರತಿಗಳ ಬೆನ್ನು ಹತ್ತಿದೆ. ಯಾರಿಗೆ ಕೊಟ್ಟಿದ್ದೆ ಎಂದು ಕಾಕಾ ನೆನೆಸಿ ನೆನೆಸಿ ಹೇಳಿದರು, ನಾನು ಬರೆದುಕೊಂಡೆ. ಒಂದು ವರ್ಷದ ರವಿವಾರಗಳು ಹಾಗೇ ಹೋದವು. ಗಂಡ, “ಡಿಗ್ರಿ ಮುಗದ ಮ್ಯಾಲ ಮಂದಿ ಪರೀಕ್ಷಾ ಮರೀತಾರ, ನಿಂದು ಈಗ ಸುರು ಆಗೇತಿ” ಎಂದು ಚೇಷ್ಟೆ ಮಾಡಿದರೂ ಸ್ಕೂಟರಿನಲ್ಲಿ ಕರೆದೊಯ್ಯುತ್ತಿದ್ದ. ಒಂದು ಮನೆಯಲ್ಲಿ ಗುಜರಿಗೆ ಹಾಕಿದ್ದರು. ಒಂದು ಮನೆಯಲ್ಲಿ ಬೂಜು ಹಿಡಿದು ರೀಲು ಹಪ್ಪಳವಾಗಿತ್ತು. ಸೀತಾಫಲ್‌ಮಂಡಿಯ ಒಂದು ಮನೆಯಲ್ಲಿ ಯಜಮಾನರು ಹೌದು ಹೌದು, ಇದೆ ಎಂದು ಖುಷಿಯಿಂದ ಬಾಲ್ಕನಿಗೆ ಕರೆದೊಯ್ದರು. ಪಾರಿವಾಳ ಬಾರದಿರಲೆಂದು ಕಂಬಿಯಿಂದ ಕಂಬಿಗೆ ಆ ರೀಲನ್ನೇ ಬಿಗಿದಿದ್ದರು. ಗಾಳಿಗೆ ಅದು ಗುಂಯ್ ಎನ್ನುತ್ತಿತ್ತು. ಬಿಸಿಲಿಗೆ ಬೆಳ್ಳಗಾಗಿ, ಮುಟ್ಟಿದಲ್ಲಿ ಪುಡಿಯಾಯಿತು. ಬಾಲ್ಕನಿ ತುಂಬ ಪಾರಿವಾಳದ ಹಿಕ್ಕೆ.

ಅಷ್ಟರಲ್ಲಿ ತರುಣ ಹಾಕಿದ ಮೊದಲ ಬದಿ ಜನರ ಕಿವಿಗೆ ಬಿದ್ದಿತ್ತು. ಗೊತ್ತಿಲ್ಲದ ಊರುಗಳಿಂದ ಗೊತ್ತಿಲ್ಲದವರು ಬರೆಯುತ್ತಿದ್ದರು. ಕಾಕಾನ ಕಿವಿ ಆಗ ಪೂರ್ತಿ ಹೋಗಿತ್ತು. ನಾನು ಆ ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಕನ್ನಡಕ್ಕೆ ಬರೆದು ತೋರಿಸುತ್ತಿದ್ದೆ. ಡ್ರಮ್ಮು ಬಾರಿಸಿದವರು ಯಾರು, ಅವರಿಗೆ ನಮಸ್ಕಾರ ಎಂದು ಒಬ್ಬ ಬರೆದಿದ್ದ. ಕಾಕಾ ಆ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಎರಡನೆಯ ಬದಿ ಎಲ್ಲಿ, ಎಂದು ಹಾಕುತ್ತೀರಿ ಎಂದು ಕೇಳುವವರೂ ಇದ್ದರು. ಆ ಸಾಲುಗಳನ್ನು ನಾನು ಬರೆದು ತೋರಿಸಲಿಲ್ಲ. ತೋರಿಸಲಿಲ್ಲ ಎಂದು ಅವರಿಗೆ ಗೊತ್ತಿತ್ತು.

ಕಾಕಾ ಅಂಗಡಿಯಲ್ಲೇ ಹೋದರು, ಒಂದು ಮಧ್ಯಾಹ್ನ, ಕೂತಲ್ಲೇ. ಪಕ್ಕದ ಚಹಾದವನು ಲೋಟ ಮುಂದಿಟ್ಟು, ತಣ್ಣಗಾದರೂ ಕುಡಿಯಲಿಲ್ಲವಲ್ಲ ಎಂದು ಭುಜ ಅಲುಗಿಸಿದಾಗ ತಿಳಿಯಿತು.

ಹದಿಮೂರನೆಯ ದಿನದ ಊಟಕ್ಕೆ ಅವರ ಕೂಕಟ್‌ಪಲ್ಲಿಯ ಫ್ಲಾಟಿಗೆ ಹೋದೆ. ಅವರೂ ಅಕ್ಕನೂ ಇಬ್ಬರೇ ಇದ್ದ ಮನೆ. ಅಕ್ಕ ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು, ಮಾತು ಕಡಿಮೆ. ಅಷ್ಟು ವರ್ಷ ಅವರು ನನ್ನ ಜತೆ ನಾಲ್ಕು ಮಾತಿಗಿಂತ ಹೆಚ್ಚು ಆಡಿದ್ದಿಲ್ಲ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳಿದರು, “ನಿನ್ನ ಡಿಗ್ರಿ ಸರ್ಟಿಫಿಕೇಟ್ ಎಲ್ಲೈತಿ?”

ನನ್ನ ಹತ್ತಿರ ಮೂಲ ಪ್ರತಿ ಇರಲೇ ಇಲ್ಲ. ನೌಕರಿಗೆ ತಾತ್ಕಾಲಿಕ ಪ್ರಮಾಣಪತ್ರವೇ ಸಾಕಾಗಿತ್ತು. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ತರುವುದು ಹಾಗೇ ಉಳಿದಿತ್ತು.

“ತೊಗೊಂಬಾ” ಎಂದರು ಅಕ್ಕ. “ಆ ಬದಿ ಅಳಿಸಿದ್ದಕ್ಕ ಏನ ಬಂತು, ನೋಡತೀನಿ.”

ಅರ್ಜಿ, ಫೋಟೊ, ಹಳೆಯ ಅಂಕಪಟ್ಟಿ, ಮೂರು ಸಲ ರಜೆ. ಅಂತೂ ಕಿಟಕಿಯಿಂದ ಅದು ನನ್ನ ಕೈಗೆ ಬಂದ ದಿನ ಮನೆಗೂ ಹೋಗದೆ ನೇರ ಅಲ್ಲಿಗೇ ಹೋದೆ. ಅಕ್ಕ ಅಡಿಗೆಮನೆಯಿಂದ ಬಂದು, ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಎರಡೂ ಕೈಯಲ್ಲಿ ಇಸಿದುಕೊಂಡರು. ಜೀವಮಾನವೆಲ್ಲ ಕಾಗದ ನೋಡಿದವರು. ಮೊಹರು ನೋಡಿದರು, ಸಹಿ ನೋಡಿದರು, ನನ್ನ ಹೆಸರು, ನಮ್ಮಪ್ಪನ ಹೆಸರು. ಒಂದು ಕಡೆ ಬೆರಳು ನಿಂತಿತು.

“ಸೆಕೆಂಡ್ ಕ್ಲಾಸ?”

“ಹೌದ್ರಿ ಅಕ್ಕಾರ.”

“ಅಂವ ನನಗ ಫಸ್ಟ್ ಕ್ಲಾಸ್ ಅಂತ ಹೇಳಿದ್ದ. ಇಷ್ಟ ವರ್ಷ ಅದನ್ನ ಹೇಳಕೋತ ಬಂದ. ‘ತಮ್ಮನ ಹಾಡ ಹೋತು, ಖರೇನ, ಆದ್ರ ಹುಡುಗಿ ಫಸ್ಟ್ ಕ್ಲಾಸ್ ಬಂದಾಳಲ್ಲಕ್ಕಾ’ ಅಂತ.”

ಅಕ್ಕ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ನನ್ನ ಕೈಗೆ ಕೊಟ್ಟರು.

“ನಾ ನಿನ್ನ ಮಾಫ್ ಮಾಡಿಲ್ಲವ್ವಾ. ಮಾಡಬೇಕಂತೀನಿ, ಆಗವಲ್ದು. ಕೂಡು. ರೊಟ್ಟಿ ಬಿಸಿ ಅದಾವ, ಉಂಡು ಹೋಗು.”